ಮುಂದಿನ ಗಾಲಿಗೆ ಹೊಸ ಟೈರು

ಸೈಕಲ್ಲಿನ ಮಾತು ಬಂದರೆ ಜನ ಗಿಯರಿನ ಬಗ್ಗೆ ಮಾತಾಡುತ್ತಾರೆ, ಬಣ್ಣದ ಬಗ್ಗೆ ಮಾತಾಡುತ್ತಾರೆ, ಈಚೆಗಂತೂ ಡಿಸ್ಕ್ ಬ್ರೇಕಿನ ಬಗ್ಗೆ ಬಹಳ ಮಾತಾಡುತ್ತಾರೆ. ಟೈರಿನ ಸುದ್ದಿ ಯಾರೂ ಎತ್ತುವುದಿಲ್ಲ. ಅದು ಸೈಕಲ್ಲಿನ ಜತೆಗೇ ಬರುತ್ತದೆ; ಸವೆದಾಗ ಅಂಗಡಿಯವನು ಕೈಗೆ ಸಿಕ್ಕಿದ್ದನ್ನು ತೆಗೆದುಕೊಡುತ್ತಾನೆ, ನಾವು ಹಾಕಿಸಿಕೊಂಡು ಬರುತ್ತೇವೆ. ಶಾಲೆಗೆ ಹೋಗಿ ಬರುವ ಸೈಕಲ್ಲಿಗೆ ಇಷ್ಟು ಸಾಕು. ಅದೇ ಸೈಕಲ್ಲಿಗೆ ಹದಿನೈದು ಕಿಲೋ ಸಾಮಾನು ಕಟ್ಟಿ, ಮೇಲೆ ಮಗಳನ್ನು ಕೂರಿಸಿ, ಘಟ್ಟ ಇಳಿಯಲು ಕಳಿಸುವಾಗ ಸಾಲದು.

ನಾವಿರುವುದು ಹುಬ್ಬಳ್ಳಿಯ ಗೋಪನಕೊಪ್ಪದಲ್ಲಿ. ಹೆಸರೇ ಹೇಳುವಂತೆ ಇದು ಕೊಪ್ಪ, ಸಣ್ಣ ಹಳ್ಳಿ. ಶಹರ ಬೆಳೆಯುತ್ತ ಕೇಶ್ವಾಪುರ, ಬೆಂಗೇರಿಗಳನ್ನು ದಾಟಿ ಬಂದು ಇದನ್ನೂ ಹೊಟ್ಟೆಗೆ ಹಾಕಿಕೊಂಡಿತು. ಆದರೂ ಹಳ್ಳಿಯ ಗುಣ ಪೂರ್ತಿ ಹೋಗಿಲ್ಲ. ಎಮ್ಮೆ ಕಟ್ಟಿದ ಮನೆಗಳಿವೆ. ಬೆಳಗಿನ ಐದರ ಹೊತ್ತಿಗೆ ಹಾಲಿನ ಕ್ಯಾನುಗಳ ಸಪ್ಪಳ ಕೇಳುತ್ತದೆ. ಹಾಲು ಹಾಕುವವರೆಲ್ಲ ಈಗ ಮೋಟರ್ ಸೈಕಲ್ ಇಟ್ಟುಕೊಂಡಿದ್ದಾರೆ. ನಮ್ಮ ಓಣಿಗೆ ಬರುವ ಕಾಕಾ ಮಾತ್ರ ತಮ್ಮ ಕರಿಯ ಸೈಕಲ್ ಬಿಟ್ಟಿಲ್ಲ. ಹಿಂದಿನ ಕ್ಯಾರಿಯರಿನ ಎರಡೂ ಬದಿಗೆ ಇಪ್ಪತ್ತು ಲೀಟರಿನ ಒಂದೊಂದು ಕ್ಯಾನು. ಹಾಲು ನೀರಿಗಿಂತ ತುಸು ಭಾರ. ಕ್ಯಾನಿನ ತೂಕವನ್ನೂ ಸೇರಿಸಿದರೆ ಐವತ್ತು ಕಿಲೋದ ಹತ್ತಿರ. ಅಷ್ಟು ಭಾರವನ್ನು ಅವರು ದಿನಾ ಹೊರಿಸುತ್ತ ಬಂದು ನಲವತ್ತು ವರ್ಷವಾಯಿತಂತೆ. ಈ ಕಾಕಾರ ಮಾತು ಮುಂದೆ ಬರುತ್ತದೆ.

ಪದವಿ ಓದುತ್ತಿರುವ ನಮ್ಮ ಮಗಳು ಕಳೆದ ಚಳಿಗಾಲದಲ್ಲಿ ಒಂದು ಸಂಜೆ, ಇಬ್ಬರು ಗೆಳತಿಯರ ಜತೆ ಸೈಕಲ್ ಮೇಲೆ ಗೋಕರ್ಣಕ್ಕೆ ಹೋಗುವುದಾಗಿ ಹೇಳಿದಳು. ಕೇಳಲಿಲ್ಲ, ಹೇಳಿದಳು. ಕಲಘಟಗಿ, ಕಿರವತ್ತಿ, ಯಲ್ಲಾಪುರ, ಅರಬೈಲು ಘಟ್ಟ, ಅಂಕೋಲೆ. ಎಲ್ಲ ಸೇರಿ ಸುಮಾರು ನೂರೈವತ್ತು ನೂರರವತ್ತು ಕಿಲೋಮೀಟರು. ಮೂರು ದಿನದ ದಾರಿ. ರಾತ್ರಿ ಉಳಿಯುವುದು ಗೆಳತಿಯರ ಬಂಧುಗಳ ಮನೆಯಲ್ಲಿ. ಹಾಸಿಗೆ, ಬಟ್ಟೆ, ನೀರು, ಅಡುಗೆಯ ಸಣ್ಣ ಒಲೆ ಎಲ್ಲ ಸೈಕಲ್ಲಿನ ಮೇಲೇ. ಮರಳಿ ಬರುವುದು ಬಸ್ಸಿನಲ್ಲಿ.

ನನ್ನ ಹೆಂಡತಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹೋಗಬ್ಯಾಡ ಅನ್ನಂಗಿಲ್ಲ. ಘಟ್ಟಾ ಇಳಿಯೂ ಮುಂದ ಟೈರ್ ಒಡದ್ರ ಏನ್ ಮಾಡ್ತೀರಿ? ಅದನ್ನಷ್ಟ ಹೇಳ್ರಿ’ ಎಂದಳು. ಮಗಳು ನನ್ನ ಮುಖ ನೋಡಿದಳು. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವನು. ಇಂಥ ಪ್ರಶ್ನೆಗೆ ‘ಏನೂ ಆಗೂದಿಲ್ಲ ಬಿಡು’ ಎಂದು ಉತ್ತರ ಬರೆದವರಿಗೆ ನಾನು ಒಂದೂ ಅಂಕ ಕೊಡುವುದಿಲ್ಲ. ಹೀಗಾಗಿ ಉತ್ತರ ಹುಡುಕುವ ಕೆಲಸ ನನ್ನ ಪಾಲಿಗೇ ಬಂತು. ಮುಂದಿನ ಮೂರು ವಾರ ನಮ್ಮ ಮನೆಯಲ್ಲಿ ಊಟಕ್ಕೆ ಕುಳಿತಾಗಲೂ ಟೈರಿನದೇ ಮಾತು.

ಮೊದಲು ಬಲ್ಲವರನ್ನು ಕೇಳಿದೆ. ಹುಬ್ಬಳ್ಳಿಯಲ್ಲಿ ದೂರದ ಸೈಕಲ್ ಸವಾರಿ ಮಾಡುವವರ ದೊಡ್ಡ ಬಳಗವೇ ಇದೆ. ಬ್ರೆವೆ ಎನ್ನುವ ಸವಾರಿಯಲ್ಲಿ 200 ಕಿ.ಮೀ. ದೂರವನ್ನು ಹದಿಮೂರೂವರೆ ತಾಸಿನೊಳಗೆ, 300 ಕಿ.ಮೀ. ದೂರವನ್ನು ಇಪ್ಪತ್ತು ತಾಸಿನೊಳಗೆ ಮುಗಿಸಬೇಕು. ಅಂಥ ಸವಾರರೊಬ್ಬರು ತಮ್ಮ ಸೈಕಲ್ಲಿನ 28 ಮಿ.ಮೀ. ಅಗಲದ ಟೈರು ತೋರಿಸಿ, ಇದೇ ಸಾಕು, ಹಗುರ, ಓಟ ಚೆನ್ನಾಗಿದೆ ಎಂದರು. ಅವರ ಮಾತು ಸರಿಯೇ. ಆದರೆ ಅವರು ಒಯ್ಯುವುದು ಒಂದು ಟ್ಯೂಬು, ಒಂದು ಪಂಪು, ನಾಲ್ಕು ಬಾಳೆಹಣ್ಣು. ನಮ್ಮ ಹುಡುಗಿಯರು ಒಯ್ಯಬೇಕಾದದ್ದು ಅರ್ಧ ಸಂಸಾರ. ಒಬ್ಬರ ಸಲಹೆ ಇನ್ನೊಬ್ಬರ ಹೊರೆಗೆ ಹೊಂದುವುದಿಲ್ಲ.

ಹೊರೆ ಹೊತ್ತು ದೂರ ಹೋಗುವುದು ಹೊಸ ಹುಚ್ಚೇನೂ ಅಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. 1923ರ ಅಕ್ಟೋಬರಿನಲ್ಲಿ ಮುಂಬಯಿಯಿಂದ ಆರು ಜನ ಪಾರ್ಸಿ ತರುಣರು ಸೈಕಲ್ ಮೇಲೆ ಜಗತ್ತು ಸುತ್ತಲು ಹೊರಟರು. ಅವರಲ್ಲಿ ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಂ ಭುಂಗಾರಾ ಎಂಬ ಮೂವರು ಪೂರ್ತಿ ಸುತ್ತು ಮುಗಿಸಿ 1928ರ ಮಾರ್ಚಿನಲ್ಲಿ ಮುಂಬಯಿಗೆ ಮರಳಿದರು. ಸುಮಾರು ಎಪ್ಪತ್ತು ಸಾವಿರ ಕಿಲೋಮೀಟರು! ಇದನ್ನು ಮನೆಯಲ್ಲಿ ಓದಿ ಹೇಳಿದಾಗ ನನ್ನ ಹೆಂಡತಿ, ‘ಉಳಿದ ಮೂರು ಮಂದಿ?’ ಎಂದು ಕೇಳಿದಳು. ಅವರು ನಡುವೆಯೇ ಬಿಟ್ಟಿದ್ದರು.

ಟೈರು ಕೊಳ್ಳುವ ಮೊದಲು ಅದರ ಮೈಮೇಲಿನ ಅಂಕಿ ಓದಲು ಕಲಿಯಬೇಕು. ವಿದ್ಯಾರ್ಥಿಗಳಿಗೆ ಇದು ಅರ್ಧ ತಾಸಿನ ಪಾಠ, ತಂದೆತಾಯಿಗಳಿಗೆ ದುಡ್ಡು ಉಳಿಸುವ ಪಾಠ. ‘28ರ ಟೈರು’ ಎಂದು ನಾವು ಸಲೀಸಾಗಿ ಹೇಳುತ್ತೇವೆ. ಕಾಕಾರ ಕರಿಯ ಸೈಕಲ್ಲಿನದು 28 × 1½. ಮಗಳ ಗಿಯರ್ ಸೈಕಲ್ಲಿನದು 700 ಸಿ. ಅದನ್ನೂ ಕೆಲವರು 28 ಎಂದೇ ಕರೆಯುತ್ತಾರೆ. ಆದರೆ ಟೈರು ರಿಮ್ಮಿನ ಮೇಲೆ ಕೂರುವ ಜಾಗದ ವ್ಯಾಸ ಮೊದಲನೆಯದರಲ್ಲಿ 635 ಮಿ.ಮೀ., ಎರಡನೆಯದರಲ್ಲಿ 622. ಹದಿಮೂರು ಮಿಲಿಮೀಟರ್ ವ್ಯತ್ಯಾಸ. ದೊಡ್ಡದನ್ನು ಚಿಕ್ಕ ರಿಮ್ಮಿಗೆ ತೊಡಿಸಿ ಹವಾ ತುಂಬಿದರೆ ಅದು ಅಂಚು ಬಿಟ್ಟು ಹೊರಗೆ ಹಾರುತ್ತದೆ. 26 ಇಂಚಿನ ಕಥೆಯೂ ಹೀಗೆಯೇ. ಹೆಣ್ಣುಮಕ್ಕಳ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಕಾಣುವ 26 × 1⅜ ಅಂದರೆ 590 ಮಿ.ಮೀ.; ದಪ್ಪ ಗುಬಟೆಯ ಮೌಂಟನ್ ಸೈಕಲ್ಲಿನ 26 ಅಂದರೆ 559. ಆದ್ದರಿಂದ ಇಂಚಿನ ಲೆಕ್ಕ ನಂಬಬಾರದು. ಟೈರಿನ ಬದಿಯಲ್ಲಿ 37-622 ಎಂಬಂಥ ಒಂದು ಜೋಡಿ ಅಂಕಿ ಅಚ್ಚಾಗಿರುತ್ತದೆ. ಮೊದಲನೆಯದು ಅಗಲ, ಎರಡನೆಯದು ಕೂರುವ ವ್ಯಾಸ. ಹಳೆಯ ಟೈರಿನ ಎರಡನೆಯ ಅಂಕಿ ಬರೆದುಕೊಂಡು ಹೋದರೆ ಅಂಗಡಿಯವನ ಜತೆ ವಾದವೇ ಬೇಕಿಲ್ಲ. ಒಂದು ಅಂಗಡಿಯಲ್ಲಿ ನನಗೆ 28 ಎಂದರೆ 28ಏ ಎಂದು ಹೇಳಿ 635ರದನ್ನೇ ಕೊಡಲು ಬಂದಿದ್ದರು. ಚೀಟಿ ತೋರಿಸಿದ ಮೇಲೆ ಸುಮ್ಮನಾದರು.

ಇನ್ನು ತೂಕ. ಟೈರು ಆರಿಸುವವರು ತೂಕ ಹಾಕದೆ ಆರಿಸುತ್ತಾರಲ್ಲ ಎಂಬುದೇ ನನಗೆ ಆಶ್ಚರ್ಯ. ಒಂದು ಮಧ್ಯಾಹ್ನ ಮಗಳಿಗೆ ಸಾಮಾನನ್ನೆಲ್ಲ ಸೈಕಲ್ಲಿಗೆ ಕಟ್ಟಲು ಹೇಳಿ ನಮ್ಮ ಓಣಿಯ ಹಿಟ್ಟಿನ ಗಿರಣಿಗೆ ಕರೆದುಕೊಂಡು ಹೋದೆ. ಅಲ್ಲಿ ಚೀಲ ತೂಗುವ ಯಂತ್ರವಿದೆ. ಒಂದು ಗಾಲಿಯನ್ನು ಯಂತ್ರದ ಮೇಲೆ ನಿಲ್ಲಿಸಿ, ಇನ್ನೊಂದು ಗಾಲಿಯ ಕೆಳಗೆ ಅಷ್ಟೇ ಎತ್ತರಕ್ಕೆ ಇಟ್ಟಂಗಿ ಜೋಡಿಸಿದೆವು. ಮಗಳು ಸೀಟಿನ ಮೇಲೆ ಕುಳಿತು ಹ್ಯಾಂಡಲ್ ಹಿಡಿದಳು, ನಾನು ಸೈಕಲ್ಲು ವಾಲದಂತೆ ಹಗುರವಾಗಿ ಹಿಡಿದೆ. ಹಿಟ್ಟಿಗೆ ಬಂದವರೆಲ್ಲ ಹಿಟ್ಟು ಮರೆತು ನಿಂತರು. ‘ಅಪ್ಪ ನನ್ನ ಪ್ರವಾಸಕ್ಕ ಕಳಸಾಕತ್ತಾನೋ, ಜ್ವಾಳದ ಗೂಡ ಮಾರಾಕತ್ತಾನೋ’ ಎಂದು ಅವಳು ಗೊಣಗಿದಳು. ಹಿಂದಿನ ಗಾಲಿ 54 ಕಿಲೋ, ಮುಂದಿನದು 26. ಒಟ್ಟು 80ರಲ್ಲಿ ಮೂರರಲ್ಲಿ ಎರಡು ಪಾಲು ಹಿಂದೆಯೇ.

ಈ ಲೆಕ್ಕ ಯಾಕೆ ಬೇಕು? ಹವಾ ತುಂಬಿದ ಟೈರು ಭಾರ ಹೊರುವುದು ಒಳಗಿನ ಒತ್ತಡದಿಂದ. ಗಾಲಿಯ ಮೇಲಿನ ಭಾರವನ್ನು ಒತ್ತಡದಿಂದ ಭಾಗಿಸಿದರೆ ನೆಲಕ್ಕೆ ತಾಗುವ ಜಾಗದ ವಿಸ್ತೀರ್ಣ ಹೆಚ್ಚುಕಡಿಮೆ ಸಿಗುತ್ತದೆ. 60 ಪೌಂಡ್ ಹವಾ ಎಂದರೆ ಚದರ ಸೆಂಟಿಮೀಟರಿಗೆ ಸುಮಾರು 4.2 ಕಿಲೋ. 54ನ್ನು ಅದರಿಂದ ಭಾಗಿಸಿದರೆ ಹದಿಮೂರು ಚದರ ಸೆಂಟಿಮೀಟರಿಗೆ ತುಸು ಕಡಿಮೆ. ಬೆಂಕಿಪೊಟ್ಟಣದ ಮುಖಕ್ಕಿಂತ ಚಿಕ್ಕದು. ಮಗಳೂ ಅವಳ ಗಂಟುಮೂಟೆಯೂ ನಿಲ್ಲುವುದು ಇಂಥ ಎರಡು ತುಣುಕು ರಬ್ಬರಿನ ಮೇಲೆ. ಟೈರು ಸಣ್ಣಗಿದ್ದರೆ ಈ ತುಣುಕು ಉದ್ದಕ್ಕೆ ಚಾಚುತ್ತದೆ, ಟೈರಿನ ಮೈ ಹೆಚ್ಚು ಬಗ್ಗುತ್ತದೆ. ಬಗ್ಗಬಾರದೆಂದರೆ ಹವಾ ಗಟ್ಟಿಯಾಗಿ ತುಂಬಬೇಕು. ಆಗ ಪ್ರತಿ ತಗ್ಗೂ ಬೆನ್ನಿಗೆ ಬಡಿಯುತ್ತದೆ, ಗಾಲಿಯ ಕಡ್ಡಿಗಳಿಗೂ ಬಡಿಯುತ್ತದೆ. ಹವಾ ಕಡಿಮೆ ಮಾಡಿದರೆ ತಗ್ಗಿನ ಅಂಚಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿ ಅಕ್ಕಪಕ್ಕ ಎರಡು ತೂತಾಗುತ್ತದೆ. ಪಂಕ್ಚರ್ ತೆಗೆಯುವವರು ಇದನ್ನು ನೋಡಿದ ಕೂಡಲೇ ಹಾವು ಕಚ್ಚಿದಂಗ ಆಗೈತಿ ಎನ್ನುತ್ತಾರೆ. ಅಗಲ ಟೈರಿಗೆ ಈ ಇಕ್ಕಟ್ಟಿಲ್ಲ. ಮಧ್ಯಮ ಒತ್ತಡದಲ್ಲಿಯೇ ಅದು ಭಾರ ತಡೆಯುತ್ತದೆ. ಅಗಲವಾದದ್ದು ಜಡ, ಸಣ್ಣದು ಚುರುಕು ಎಂಬ ನಂಬಿಕೆ ಬಹಳ ಜನರಲ್ಲಿದೆ. ಒಂದೇ ಒತ್ತಡ, ಒಂದೇ ಬಗೆಯ ಮೈ ಇದ್ದರೆ ಅಗಲದ್ದೇ ಹಗುರವಾಗಿ ಉರುಳುತ್ತದೆ.

ಹಾಗೆಂದು ಎಷ್ಟು ಬೇಕಾದರೂ ಅಗಲ ಹಾಕಲು ಬರುವುದಿಲ್ಲ. ಫೋರ್ಕಿನ ಎರಡು ಕಾಲುಗಳ ನಡುವೆ, ಹಿಂದೆ ಚೈನಿನ ಪಕ್ಕದ ಕೊಳವೆಗಳ ನಡುವೆ, ಮಡ್‌ಗಾರ್ಡಿನ ಕೆಳಗೆ ಟೈರು ಕೂತ ಮೇಲೂ ಕಿರುಬೆರಳಿನ ತುದಿ ಆಡುವಷ್ಟು ಸಂದು ಉಳಿಯಬೇಕು. ನಮ್ಮ ಕಡೆಯವರು ಇದನ್ನು ಮರೆಯುವಂತೆಯೇ ಇಲ್ಲ. ಗೋಪನಕೊಪ್ಪ ದಾಟಿ ಕುಸುಗಲ್ ಕಡೆಗೋ ಸುಳ್ಳದ ಕಡೆಗೋ ನಾಲ್ಕು ಹೆಜ್ಜೆ ಹೋದರೆ ಎರೆಭೂಮಿ. ಒಂದು ಮಳೆ ಬಿದ್ದ ಮೇಲೆ ಆ ಮಣ್ಣಿಗೆ ಗಾಲಿ ಇಳಿಸಿದರೆ ಅದು ಮಡ್‌ಗಾರ್ಡಿನೊಳಗೆ ತುಂಬಿಕೊಂಡು ಗಾಲಿ ತಿರುಗುವುದೇ ಇಲ್ಲ. ಸೈಕಲ್ಲನ್ನು ಹೆಗಲ ಮೇಲೆ ಹೊತ್ತುಕೊಂಡು ಬರಬೇಕಾಗುತ್ತದೆ. ಮಗಳ ಸೈಕಲ್ಲಿಗೆ ಕಾರ್ಖಾನೆಯಿಂದ ಬಂದದ್ದು 28 ಮಿ.ಮೀ. ಟೈರು. ಅಳತೆ ಮಾಡಿ ನೋಡಿದರೆ 37ರದು ಆರಾಮಾಗಿ ಕೂರುತ್ತಿತ್ತು. ಅಗಲದ ಪ್ರಶ್ನೆ ಅಲ್ಲಿಗೆ ಬಗೆಹರಿಯಿತು.

ಬಾಳಿಕೆಯ ಪ್ರಶ್ನೆ ಉಳಿಯಿತು. ಬಾಳಿಕೆ ಎಂದರೆ ಎರಡು ಬೇರೆ ಬೇರೆ ಸಂಗತಿ ಎಂದು ತಿಳಿಯಲು ನನಗೆ ಸ್ವಲ್ಪ ದಿನ ಹಿಡಿಯಿತು. ಒಂದು, ನೆಲಕ್ಕೆ ಉಜ್ಜಿ ಸವೆಯದಿರುವುದು. ಇನ್ನೊಂದು, ಚುಚ್ಚಿದ್ದಕ್ಕೆ, ಕೊಯ್ದದ್ದಕ್ಕೆ ಸೋಲದಿರುವುದು. ಮೊದಲಿನದು ರಬ್ಬರಿನ ಗುಣ. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಗಂಧಕ ಬೆರೆಸಿ ಕಾಯಿಸಿದ ರಬ್ಬರು ಬಿಸಿಲಿಗೆ ಅಂಟಾಗುವುದಿಲ್ಲ, ಚಳಿಗೆ ಬಿರಿಯುವುದಿಲ್ಲ ಎಂದು ಕಂಡುಕೊಂಡ. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲು ಕುಲುಕದಿರಲೆಂದು ಹವಾ ತುಂಬಿದ ಟೈರು ಮಾಡಿದ. (ಟೈರಿನ ಚರಿತ್ರೆಯೂ ಮಗುವಿಗೆ ಪೆಟ್ಟಾಗದಿರಲಿ ಎಂಬ ತಂದೆಯ ಚಿಂತೆಯಿಂದ ಹುಟ್ಟಿತೆಂದು ನಾನು ಮನೆಯಲ್ಲಿ ಹೇಳಿಕೊಂಡೆ, ಯಾರೂ ಮೆಚ್ಚಲಿಲ್ಲ.) ಆಗಿನ ಟೈರು ಬೆಳ್ಳಗಿರುತ್ತಿತ್ತು. ಮಸಿಯಂಥ ಇಂಗಾಲದ ಪುಡಿ ಬೆರೆಸಿದರೆ ರಬ್ಬರು ಸವೆತವನ್ನು ಎಷ್ಟೋ ಪಾಲು ಹೆಚ್ಚು ತಾಳುತ್ತದೆ ಎಂದು ತಿಳಿದ ಮೇಲೆ ಅದು ಕಪ್ಪಾಯಿತು. ಬಣ್ಣಬಣ್ಣದ ಟೈರು ಅಂಗಡಿಯಲ್ಲಿ ಚೆಂದ. ದೂರದ ದಾರಿಗೆ ಕರಿಯದೇ ಸರಿ.

ಚುಚ್ಚುವುದರ ವಿಷಯ ಊರಿನಿಂದ ಊರಿಗೆ ಬೇರೆ. ಜರ್ಮನಿಯ ಶ್ವಾಲ್ಬೆ ಕಂಪನಿಯ ಮ್ಯಾರಥಾನ್ ಪ್ಲಸ್ ಎಂಬ ಟೈರಿನಲ್ಲಿ ನೆಲಕ್ಕೆ ತಾಗುವ ಪದರದ ಒಳಗೆ ಐದು ಮಿಲಿಮೀಟರ್ ದಪ್ಪದ ಮೆತ್ತನೆಯ ರಬ್ಬರಿನ ಇನ್ನೊಂದು ಪದರವಿದೆ. ಹೊರೆ ಹೊತ್ತು ದೇಶ ಸುತ್ತುವವರಲ್ಲಿ ಅದಕ್ಕೆ ದೊಡ್ಡ ಹೆಸರು. ನಮ್ಮ ರಸ್ತೆಗೆ ಅದು ಏನು ಮಾಡೀತು? ಹೊಲದ ಬದುವಿನಲ್ಲಿ, ರಸ್ತೆಯ ಅಂಚಿನಲ್ಲಿ ಹಬ್ಬುವ ನೆಗ್ಗಿಲು ಮುಳ್ಳು ಹೇಗೆ ಬಿದ್ದರೂ ಒಂದು ಮೊನೆ ಮೇಲಕ್ಕಿರುತ್ತದೆ. ಅದರ ಮೊನೆ ಗಿಡ್ಡ. ಇಂಥ ದಪ್ಪ ಪದರ ಅದನ್ನು ತಡೆಯುತ್ತದೆ. ಬೇಲಿಯ ಬಳ್ಳಾರಿ ಜಾಲಿಯದು ಬೇರೆಯೇ ಜಾತಿ. ಬೆರಳಿನ ಎರಡು ಗೆಣ್ಣಿನಷ್ಟು ಉದ್ದದ ಆ ಮುಳ್ಳು ನೆಟ್ಟಗೆ ಸಿಕ್ಕರೆ ಚಪ್ಪಲಿಯನ್ನೇ ದಾಟಿ ಬರುತ್ತದೆ, ಜರ್ಮನಿಯ ಟೈರು ಅದಕ್ಕೆ ಯಾವ ಲೆಕ್ಕ? ಜಾಲಿ ಕಡಿದು ಹಾಕಿದ ಕಡೆ ರಸ್ತೆಯ ಅಂಚು ಬಿಟ್ಟು ನಡೆಯುವುದೊಂದೇ ದಾರಿ. ಮೂರನೆಯದು ಹೆದ್ದಾರಿಯ ಶತ್ರು. ಲಾರಿಯ ಟೈರು ಸಿಡಿದು ಚೂರಾದಾಗ ಅದರೊಳಗಿನ ಉಕ್ಕಿನ ಸಣ್ಣ ಎಳೆಗಳು ರಸ್ತೆಯ ಬದಿಗೆ ಚೆಲ್ಲುತ್ತವೆ. ಕೂದಲಿಗಿಂತ ತುಸು ದಪ್ಪ ಇರುವ ಆ ಎಳೆ ಟೈರಿನಲ್ಲಿ ಕಾಣದಂತೆ ಕೂತು, ಟ್ಯೂಬಿಗೆ ತ್ಯಾಪೆ ಹಾಕಿದ ಮೇಲೂ ಮತ್ತೆ ಮತ್ತೆ ಚುಚ್ಚುತ್ತದೆ.

ಆ ಜರ್ಮನ್ ಟೈರಿನ ಬೆಲೆ ನಮ್ಮ ಸಾಮಾನ್ಯ ಟೈರಿನ ಬೆಲೆಯ ಹಲವು ಪಟ್ಟು. ನಾವೇನೋ ಉಸಿರು ಬಿಗಿಹಿಡಿದು ಒಂದು ಜೋಡಿ ತರಿಸಿದೆವು. ಎರಡನೆಯ ಹುಡುಗಿಯ ತಂದೆ ಹೊಲಿಗೆ ಕೆಲಸದವರು. ಅವರು ನೇರವಾಗಿಯೇ, ‘ಸರ, ಅಷ್ಟ ರೊಕ್ಕದಾಗ ನಮ್ಮ ಹುಡುಗಿಗೆ ಇನ್ನೊಂದ ಹಳೇ ಸೈಕಲ್ ಬರತೈತ್ರಿ. ಅದು ಇಲ್ಲಂದ್ರ ನಡಿಯಂಗಿಲ್ಲೇನ್ರಿ?’ ಎಂದು ಕೇಳಿದರು. ನಡೆಯುತ್ತದೆ ಎಂದೆ. ಸಮಾಧಾನಕ್ಕೆ ಹೇಳಿದ ಮಾತಲ್ಲ ಅದು. ಲುಧಿಯಾನದ ಕಾರ್ಖಾನೆಗಳಲ್ಲಿ ತಯಾರಾಗುವ, ಒಳಮೈಗೆ ನೈಲಾನ್ ನೂಲಿರುವ ಅಗಲ ಟೈರುಗಳು ನಮ್ಮ ಅಂಗಡಿಗಳಲ್ಲೇ ಸಿಗುತ್ತವೆ. ಮುಳ್ಳು ಹೆಚ್ಚು ಚುಚ್ಚಬಹುದು, ಬೇಗ ಸವೆಯಬಹುದು. ಆದರೆ ಸರಿಯಾದ ಅಳತೆ, ತಕ್ಕ ಅಗಲ, ತಕ್ಕ ಹವಾ ಇರುವ ಸಾಧಾರಣ ಟೈರು, ಇಕ್ಕಟ್ಟಿನ ದುಬಾರಿ ಟೈರಿಗಿಂತ ಭಾರಕ್ಕೆ ಮೇಲು. ಮೂರು ದಿನದ ದಾರಿಗೆ ಎರಡು ಪಂಕ್ಚರ್ ಹೆಚ್ಚಾದರೆ ಅರ್ಧ ತಾಸು ಹೋದೀತು, ಅಷ್ಟೇ. ಅವರ ಮಗಳ ಸೈಕಲ್ಲಿಗೆ ಅಂಥ ಜೋಡಿಯನ್ನೇ ಹಾಕಿಸಿದರು. ಕೊಳ್ಳುವಾಗ ಅವರು ಬಟ್ಟೆ ನೋಡುವಂತೆ ಟೈರನ್ನು ಮಗುಚಿ, ಬದಿಯನ್ನು ಹಿಂಡಿ, ಬೆಳಕಿಗೆ ಹಿಡಿದು ನೋಡಿದ ರೀತಿಯನ್ನು ನಾನು ಆಮೇಲೆ ಅನುಸರಿಸಿದ್ದೇನೆ. ಅಂಗಡಿಯ ಮುಂದೆ ಬಿಸಿಲಿಗೆ ತೂಗುಹಾಕಿದ ಟೈರು ಬೇಡ, ಒಳಗಿನದು ಕೊಡಿ ಎಂದವರೂ ಅವರೇ.

ಮೂರನೆಯ ಹುಡುಗಿಯದು ಎಂಟನೆಯ ತರಗತಿಯಲ್ಲಿ ಸರಕಾರ ಕೊಟ್ಟ ಸೈಕಲ್ಲು. 2006-07ರಲ್ಲಿ ಆರಂಭವಾದ ಆ ಯೋಜನೆಯಲ್ಲಿ ಸೈಕಲ್ ಪಡೆದ ಕೊನೆಯ ತಂಡಗಳಲ್ಲಿ ಅವಳೂ ಒಬ್ಬಳು. 2019-20ರ ನಂತರ ವಿತರಣೆ ನಿಂತಿತು. ಗಿಯರಿಲ್ಲ, ಆದರೆ ಉಕ್ಕಿನ ಮೈ, ಗಟ್ಟಿ ಕ್ಯಾರಿಯರು. ಟೈರಿನ ನೆಲ ತಾಗುವ ಭಾಗ ಇನ್ನೂ ಹೊಸದರಂತೆಯೇ ಇತ್ತು. ಬದಿಯಲ್ಲಿ ಮಾತ್ರ ಅಡ್ಡಡ್ಡ ಸಣ್ಣ ಬಿರುಕು. ಬಿಸಿಲಿಗೆ ನಿಂತು, ಹವಾ ಇಳಿದು ವರ್ಷಗಟ್ಟಲೆ ಮಡಚಿಕೊಂಡ ರಬ್ಬರಿಗೆ ಹೀಗಾಗುತ್ತದೆ. ಗುಬಟೆ ಸವೆದಿಲ್ಲ, ಇನ್ನೊಂದು ವರ್ಷ ಬರುತ್ತದೆ ಎಂದು ತಂದೆತಾಯಿಗಳು ಅನ್ನುವುದು ಇಂಥ ಟೈರಿಗೇ. ಶಾಲೆಯ ಚೀಲಕ್ಕೆ ಬರಬಹುದು. ಹೊರೆ ಬಿದ್ದಾಗ ಮೊದಲು ಸೋಲುವುದು ಬದಿಯೇ, ನೆಲ ತಾಗುವ ಭಾಗವಲ್ಲ. ಅವಳ ಸೈಕಲ್ಲಿಗೂ ಎರಡು ಹೊಸವು ಬಂದವು, 590ರವು.

ಈಗ ಕಾಕಾರ ಮಾತು. ಹಾಲು ಅಳೆಯಲು ನಿಂತಾಗ ಅವರನ್ನು ಕೇಳಿದೆ, ಇಷ್ಟು ಭಾರಕ್ಕೆ ಎಂಥ ಟೈರು ಹಾಕುತ್ತೀರಿ, ಎಷ್ಟು ದಿನಕ್ಕೆ ಬದಲಿಸುತ್ತೀರಿ ಎಂದು. ಅವರು ಕಂಪನಿಯ ಹೆಸರು ಹೇಳಲಿಲ್ಲ. ‘ಹೊಸಾದು ಯಾವಾಗ್ಲೂ ಮುಂದಿನ ಗಾಲಿಗೆ ಹಾಕ್ತೀನ್ರಿ ಮಾಸ್ತರ. ಮುಂದಿಂದು ತಗದು ಹಿಂದ’ ಎಂದರು. ನನಗೆ ವಿಚಿತ್ರವೆನಿಸಿತು. ಭಾರವೆಲ್ಲ ಹಿಂದೆ, ಸವೆಯುವುದು ಹಿಂದಿನದು; ಹೊಸದನ್ನು ಹಿಂದೆಯೇ ಹಾಕಬೇಕಲ್ಲವೆ? ಕಾಕಾ ಲೀಟರಿನ ಅಳತೆ ಪಾತ್ರೆಯನ್ನು ಕ್ಯಾನಿನ ಬಾಯಿಗೆ ತೂಗುಹಾಕಿ, ‘ಹಿಂದಿನ ಟೈರ್ ಹ್ವಾದ್ರ ರೊಕ್ಕ ಹೋಗತೈತ್ರಿ. ಮುಂದಿಂದು ಹ್ವಾದ್ರ ಹಲ್ಲು ಹೋಗ್ತಾವ್ರಿ’ ಎಂದರು.

ನನ್ನ ಹೆಂಡತಿಯ ಪ್ರಶ್ನೆಗೆ ಉತ್ತರ ಇಲ್ಲಿತ್ತು. ಹಿಂದಿನ ಗಾಲಿಯ ಹವಾ ಒಮ್ಮೆಲೇ ಹೋದರೆ ಸೈಕಲ್ಲು ಬಾಲ ಅಲ್ಲಾಡಿಸುತ್ತದೆ, ಭಾರವಾಗುತ್ತದೆ, ಆದರೆ ಹ್ಯಾಂಡಲ್ ಮಾತು ಕೇಳುತ್ತದೆ. ರಸ್ತೆಯ ಬದಿಗೆ ತಂದು ನಿಲ್ಲಿಸಬಹುದು. ಮುಂದಿನದು ಹೋದರೆ ದಿಕ್ಕು ತಿರುಗಿಸುವ ಗಾಲಿಯೇ ಹೋದಂತೆ. ಇಳಿಜಾರಿನಲ್ಲಿ ಬ್ರೇಕು ಹಿಡಿದಾಗ ಭಾರ ಮುಂದಕ್ಕೆ ಒರಗುವುದರಿಂದ, ಸಮ ನೆಲದಲ್ಲಿ 26 ಕಿಲೋ ಹೊರುವ ಆ ಗಾಲಿ ಘಟ್ಟದಲ್ಲಿ ಬಹಳ ಹೆಚ್ಚು ಹೊರುತ್ತದೆ. ಆದ್ದರಿಂದ ಸವೆತ ಹಿಂದಿನದಕ್ಕೆ, ಭದ್ರತೆ ಮುಂದಿನದಕ್ಕೆ. ಹಳೆಯದನ್ನು ಹಿಂದೆ ಸವೆಸಿ ಮುಗಿಸುವುದು, ಹೊಸದನ್ನು ಮುಂದೆ ಹಾಕುವುದು. ದೂರದ ದೇಶಗಳ ಅನುಭವಿ ಮೆಕಾನಿಕ್ಕರೂ ಇದನ್ನೇ ಹೇಳುತ್ತಾರೆಂದು ಆಮೇಲೆ ಓದಿದೆ. ನಮಗೆ ಅದು ಅರ್ಧ ಲೀಟರ್ ಹಾಲಿನ ಜತೆಗೆ ಮನೆ ಬಾಗಿಲಿಗೆ ಬಂದಿತ್ತು.

ಘಟ್ಟದ ವಿಷಯದಲ್ಲಿ ಇನ್ನೊಂದು ಮಾತು. ರಿಮ್ಮಿಗೆ ಒತ್ತುವ ಬ್ರೇಕಾದರೆ ಇಳಿಯುವಾಗಿನ ಶಕ್ತಿಯೆಲ್ಲ ಶಾಖವಾಗಿ ರಿಮ್ಮಿಗೇ ಹೋಗುತ್ತದೆ. ಹೊರೆ ಹೆಚ್ಚಾದಷ್ಟೂ ಶಾಖ ಹೆಚ್ಚು. ಬ್ರೇಕನ್ನು ಸತತವಾಗಿ ಹಿಡಿದುಕೊಂಡೇ ಇಳಿದರೆ ರಿಮ್ಮು ಕಾದು, ಒಳಗಿನ ಹವಾ ಹಿಗ್ಗಿ, ಟ್ಯೂಬು ಒಡೆಯುವುದೂ ಉಂಟು. ಹಿಡಿಯಬೇಕು, ಬಿಡಬೇಕು, ನಡುನಡುವೆ ನಿಂತು ಆರಲು ಬಿಡಬೇಕು. ಅರಬೈಲಿನಲ್ಲಿ ಕನಿಷ್ಠ ಮೂರು ಕಡೆ ನಿಲ್ಲುತ್ತೇವೆಂದು ಮೂವರೂ ನನ್ನ ಹೆಂಡತಿಗೆ ಮಾತು ಕೊಟ್ಟರು.

ಮುಂದಿನ ಗಾಲಿಗೆ ಒಳ್ಳೆಯ ಟೈರು ಹಾಕಿದ ಮೇಲೆ ಹಿಂದಿನ ಹೊರೆಯನ್ನೂ ತುಸು ಮುಂದಕ್ಕೆ ಹಂಚಿದೆವು. ಹಾಸಿಗೆಯ ಸುರುಳಿ, ಒಲೆ ಹ್ಯಾಂಡಲ್ಲಿಗೆ ಹೋದವು. ಗಿರಣಿಯಲ್ಲಿ ಮತ್ತೆ ತೂಗಿದಾಗ ಹಿಂದೆ 49, ಮುಂದೆ 31. ಹವಾ ಹಿಂದೆ 60 ಪೌಂಡು, ಮುಂದೆ 45. ಬರೆದಿಟ್ಟ ಗರಿಷ್ಠ ಒತ್ತಡವನ್ನು ಮೀರದೆ, ಭಾರಕ್ಕೆ ತಕ್ಕಂತೆ. ಹೆಬ್ಬೆರಳಿನಿಂದ ಒತ್ತಿ ನೋಡುವ ನಮ್ಮ ಹಳೆಯ ಪದ್ಧತಿಗೆ 40ಕ್ಕೂ 60ಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಮೀಟರಿರುವ ಪಂಪು ಕೊಂಡೆವು. ಟ್ಯೂಬು ಕೊಳ್ಳುವಾಗ ಮೋಟರ್ ಸೈಕಲ್ಲಿನಂಥ ವಾಲ್ವ್ ಇರುವುದನ್ನೇ ಕೇಳಿದೆವು. ಕರಿಯ ಸೈಕಲ್ಲಿನ ವಾಲ್‌ಟ್ಯೂಬಿನ ವಾಲ್ವಿನಲ್ಲಿ ಒತ್ತಡ ಸರಿಯಾಗಿ ಅಳೆಯಲು ಬರುವುದಿಲ್ಲ; ಮೋಟರ್ ಸೈಕಲ್ಲಿನದಾದರೆ ದಾರಿಯ ಯಾವ ಪೆಟ್ರೋಲ್ ಬಂಕಿನಲ್ಲಾದರೂ ಹವಾ ಸಿಗುತ್ತದೆ.

ಹೊರಡುವ ಹಿಂದಿನ ಭಾನುವಾರ ಪೂರ್ತಿ ಹೊರೆಯೊಂದಿಗೆ ಧಾರವಾಡಕ್ಕೆ ಹೋಗಿ ಬರಲು ಹೇಳಿದೆ. ಹೋಗಿ ಬಂದರೆ ನಲವತ್ತು ಕಿಲೋಮೀಟರಿನ ಮೇಲೆ. ‘ಇದೇನ್ ಪ್ರಿಪರೇಟರಿ ಪರೀಕ್ಷಾ ಏನಪಾ’ ಎಂದಳು ಮಗಳು. ಹೌದು. ಮರಳಿ ಬಂದಾಗ ಸರಕಾರಿ ಸೈಕಲ್ಲಿನ ಹಿಂದಿನ ಗಾಲಿಯಲ್ಲಿ ಎರಡು ಕಡ್ಡಿ ಸಡಿಲಾಗಿದ್ದವು, ನಮ್ಮವಳ ಹಿಂದಿನ ಟೈರು ಒಂದು ಕಡೆ ಅಂಚಿನಲ್ಲಿ ಸರಿಯಾಗಿ ಕೂರದೆ ತುಸು ಉಬ್ಬಿತ್ತು. ರಿಮ್ಮಿನ ಪಕ್ಕ ಟೈರಿನ ಸುತ್ತ ಒಂದು ಸಣ್ಣ ಗೆರೆ ಇರುತ್ತದೆ. ಅದು ರಿಮ್ಮಿನಿಂದ ಎಲ್ಲ ಕಡೆಗೂ ಸಮ ದೂರದಲ್ಲಿರಬೇಕು. ಹವಾ ಬಿಟ್ಟು, ಕೈಯಿಂದ ತಿದ್ದಿ, ಮತ್ತೆ ತುಂಬಿದ್ದು ಮಗಳೇ. ಟೈರು ಬಿಚ್ಚಿ ಹಾಕಲು ಮೂವರಿಗೂ ಬರಬೇಕೆಂಬುದು ನನ್ನ ಷರತ್ತಾಗಿತ್ತು. ಟೈರು ಹೇಗಿದ್ದರೂ, ಅದನ್ನು ಬಿಚ್ಚಲು ಬಾರದವರ ಪಾಲಿಗೆ ಪಂಕ್ಚರ್ ಅಂಗಡಿ ಇರುವಲ್ಲಿಗೇ ರಸ್ತೆ ಮುಗಿಯುತ್ತದೆ. ಕಿರವತ್ತಿಯಿಂದ ಆಚೆ ಕಾಡು.

ಅವರು ಹೊರಟ ದಿನ ನನ್ನ ಹೆಂಡತಿ ಬುತ್ತಿಯ ಜತೆ ಒಂದು ಹಿಡಿ ಹತ್ತಿ ಕೊಟ್ಟಳು. ಅದು ನಾನು ಹೇಳಿ ಕೊಡಿಸಿದ್ದು. ಟ್ಯೂಬು ತೆಗೆದ ಮೇಲೆ ಟೈರಿನ ಒಳಮೈಯನ್ನು ಹತ್ತಿಯಿಂದ ಒರೆಸಿದರೆ ಕಣ್ಣಿಗೆ ಕಾಣದ ಉಕ್ಕಿನ ಎಳೆಗೆ ಹತ್ತಿ ಸಿಕ್ಕಿಕೊಳ್ಳುತ್ತದೆ. ಬೆರಳಿನಿಂದ ತಡವಿದರೆ ಬೆರಳೇ ಕೊಯ್ಯುತ್ತದೆ. ಎರಡನೆಯ ದಿನ ಇಡಗುಂದಿಯ ಹತ್ತಿರ ಹೊಲಿಗೆಯವರ ಮಗಳ ಹಿಂದಿನ ಗಾಲಿ ಪಂಕ್ಚರಾಯಿತು. ತ್ಯಾಪೆ ಹಾಕಿದರು, ಒಂದೇ ಫರ್ಲಾಂಗಿಗೆ ಮತ್ತೆ ಇಳಿಯಿತು. ಆಗ ಹತ್ತಿ ನೆನಪಾಯಿತಂತೆ. ಅರ್ಧ ಸೆಂಟಿಮೀಟರಿನ ಎಳೆ ಸಿಕ್ಕಿತು. ಘಟ್ಟದಲ್ಲಿ ಮೂರು ಕಡೆಯಲ್ಲ, ಐದು ಕಡೆ ನಿಂತರು. ಪ್ರತಿ ಸಲವೂ ಸರದಿಯಂತೆ ಒಬ್ಬೊಬ್ಬರು ರಿಮ್ಮು ಮುಟ್ಟಿ ನೋಡಿ ಕೈ ಹಿಂದಕ್ಕೆಳೆದುಕೊಂಡರು. ಸಂಜೆ ರಾಮನಗುಳಿ ದಾಟಿದ ಮೇಲೆ ಫೋನು ಬಂತು. ನನ್ನ ಹೆಂಡತಿ ಮೊದಲು ಕೇಳಿದ್ದು, ‘ಮುಂದಿನ ಟೈರ್ ಹೆಂಗೈತಿ?’

ಬರುವ ಚಳಿಗಾಲಕ್ಕೆ ಗದಗ, ಕೊಪ್ಪಳದ ಮೇಲೆ ಹಂಪಿಗೆ ಹೋಗುವ ಮಾತು ನಡೆದಿದೆ. ಆ ಕಡೆ ಘಟ್ಟವಿಲ್ಲ. ಎರೆಯ ಮಣ್ಣು, ಜಾಲಿ, ಬಿಸಿಲು. ನಿತ್ಯ ಕಾಲೇಜಿಗೆ ಓಡಿಸಿ ಮಗಳ ಹಿಂದಿನ ಟೈರಿನ ನಡುಭಾಗ ಸ್ವಲ್ಪ ಚಪ್ಪಟೆಯಾಗಿದೆ, ನೂಲು ಕಂಡಿಲ್ಲ, ಅದು ಇನ್ನೂ ನಡೆಯುತ್ತದೆ. ಹೊಲಿಗೆಯವರ ಮಗಳದು ನಡೆಯುವುದಿಲ್ಲ. ಮೊನ್ನೆ ಅವರು ಅಂಗಡಿಗೆ ಹೋಗುವ ಮುಂಚೆ ನಮ್ಮ ಮನೆಗೆ ಬಂದಿದ್ದರು, ಚೀಟಿಯಲ್ಲಿ 37-622 ಎಂದು ಬರೆದುಕೊಂಡು. ಜೋಡಿ ಬೇಕೇನು ಎಂದು ಕೇಳಿದೆ. ‘ಒಂದ ಸಾಕ್ರಿ ಸರ’ ಎಂದರು, ‘ಮುಂದಿಂದು ಹಿಂದ ಹೋಗತೈತಿ.’